ಆಟೋ ಹಿಂದೆ ವೋಲ್ವೊ

ನಮ್ಮ ಭಾವ ಜಗತ್ತಿನಲ್ಲೇ ಅತ್ಯಂತ ಸುರಕ್ಷಿತವಾದ ಕಾರನ್ನು ಕೊಂಡರು. ಅಂದಿನಿಂದ ಸುರಕ್ಷಿತವಾಗಿ ಉಳಿಯದೆ ಹೋದದ್ದು ಒಂದೇ ಒಂದು: ನನ್ನ ಮಾನ!

ಉತ್ಪ್ರೇಕ್ಷೆ ಎನ್ನುವಿರಾ? ವಸಂತ್ ಕುಂಜಿನಲ್ಲಿ ನಮ್ಮ ಫ್ಲಾಟುಗಳ ಕಡೆ ಬಂದು ಯಾರನ್ನಾದರೂ ಕೇಳಿ. ಹಾಲಿನ ಬೂತಿನ ಭಯ್ಯಾನನ್ನು ಕೇಳಿ, ಗೇಟಿನ ಕಾವಲುಗಾರನನ್ನು ಕೇಳಿ. "ವೋ ವೋಲ್ವೊ ವಾಲೇ ಪ್ರೊಫೆಸರ್ ಸಾಹಬ್?" ಎಂದು ಮೊದಲು ಮನಸಾರೆ ನಗುತ್ತಾರೆ. ಆಮೇಲೆ ಮನೆ ತೋರಿಸುತ್ತಾರೆ. ಆ ನಗು ಮುಗಿಯುವವರೆಗೂ ನಾನು ಹಾಲಿನ ಪ್ಯಾಕೆಟ್ ಹಿಡಿದು, ಆಕಾಶದಲ್ಲಿ ಏನೋ ಕಳೆದುಹೋದವಳಂತೆ ಮೇಲೆ ನೋಡುತ್ತ ನಿಲ್ಲಬೇಕು.

ನಾನು ಸೇನೆಯ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು, ಮೇಜರ್ ಆಗಿ ನಿವೃತ್ತಳಾದವಳು. ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕು ಕಂಡರೆ ಇಂದಿಗೂ ನನಗೆ ಊಟ ಸೇರದು. ಏಳುವ ಹೊತ್ತಿಗೆ ಏಳಬೇಕು, ನಡೆಯುವ ಹೊತ್ತಿಗೆ ನಡೆಯಬೇಕು, ಇನ್ನೊಬ್ಬರ ಬಾಯಿಗೆ ಬೀಳದಂತೆ ಬದುಕಬೇಕು. ಇಂಥವಳಿಗೆ ದೇವರು ಎಂಥ ಭಾವನನ್ನು ಕೊಟ್ಟ ನೋಡಿ! ಅಕ್ಕನ ಗಂಡ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೆಕ್ಯಾನಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಅವರು ಕೆಳಗಿನ ಫ್ಲಾಟು, ನಾನು ಮೇಲಿನ ಫ್ಲಾಟು. ನಡುವೆ ಒಂದೇ ಒಂದು ಕಾಂಕ್ರೀಟು ತಾರಸಿ. ಅವಮಾನ ತಡೆಯುವಷ್ಟು ದಪ್ಪದ್ದಲ್ಲ.

ಮೊದಲು ಹಳೆಯ ಕಾರಿನ ವಿಷಯ ಹೇಳಬೇಕು. ಅದು ಪುಟ್ಟ ಮಾರುತಿ. ಒಂದು ಸಂಜೆ ಅಕ್ಕ ಭಾವ ಅದರಲ್ಲಿ ಬರುತ್ತಿದ್ದಾಗ ಎದುರಿನಿಂದ ಒಂದು ಟ್ರಕ್ಕು ದಾರಿ ತಪ್ಪಿ ಇವರ ಮೇಲೆ ಬಂತು. ಅಕ್ಕ ಕೂತಿದ್ದ ಎಡಬದಿಗೇ ಬಂತು. ಬೇರೆ ಯಾರೇ ಆಗಿದ್ದರೂ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿ ತಪ್ಪಿಸಿಕೊಳ್ಳಲು ನೋಡುತ್ತಿದ್ದರು. ಭಾವ ಎಡಕ್ಕೆ ತಿರುಗಿಸಿದರು! ಟ್ರಕ್ಕು ನೇರವಾಗಿ ಅವರ ಬದಿಗೆ ಬಡಿಯಿತು. ಅಕ್ಕನಿಗೆ ಬಳೆ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಭಾವನ ಬಲಗಾಲು ಮುರಿಯಿತು, ಕಾರು ಗುಜರಿಗೆ ಹೋಯಿತು. ಮೆಕ್ಯಾನಿಕ್ಸ್ ಪ್ರೊಫೆಸರಿಗೆ ಎಡ ಬಲ ಗೊತ್ತಿಲ್ಲ ಎಂದು ಇಡೀ ಕಾಲೊನಿ ಆಡಿಕೊಂಡಿತು. ಬ್ಯಾಂಡೇಜು ಸುತ್ತುತ್ತ ನಾನೂ ಸೇರಿಕೊಂಡು ಬಯ್ದೆ.

ಅಂದಿನಿಂದ ಅಕ್ಕ, ಭಾವ ಓಡಿಸುವ ಕಾರು ಹತ್ತುವುದನ್ನು ಬಿಟ್ಟಳು. ಕಾರಿನ ಭಯವೆಂದಲ್ಲ. ಬೇರೆಯವರ ಕಾರಿನಲ್ಲಿ ಗೊರಕೆ ಹೊಡೆದುಕೊಂಡು ಬರುತ್ತಾಳೆ. ದಿಲ್ಲಿಯ ಬಸ್ಸಿನಲ್ಲಿ ಜೋತುಬಿದ್ದು ಬರುತ್ತಾಳೆ. ಗಂಡ ಸ್ಟೀರಿಂಗ್ ಹಿಡಿದರೆ ಮಾತ್ರ ಒಲ್ಲೆ. ಯಾಕೆ ಎಂದರೆ "ನನ್ನ ಇಷ್ಟ" ಎಂದು ಸೊಪ್ಪು ಬಿಡಿಸುತ್ತ ಕೂರುತ್ತಾಳೆ.

ಭಾವನಿಗೆ ಬೇಕಾದದ್ದು ಅದೊಂದೇ: ಹೆಂಡತಿ ಮತ್ತೆ ಎಡಗಡೆಯ ಸೀಟಿನಲ್ಲಿ ಬಂದು ಕೂರಬೇಕು. ಕಾಲು ಕೂಡಿಕೊಂಡ ಮೇಲೆ, ನಿವೃತ್ತಿಯಾದಾಗ ಬಂದ ಹಣವನ್ನೆಲ್ಲ ಸುರಿದು ಹೊಚ್ಚಹೊಸ ವೋಲ್ವೊ ಸೆಡಾನ್ ತಂದು ಬಾಗಿಲಲ್ಲಿ ನಿಲ್ಲಿಸಿದರು. ಬೂದುಬಣ್ಣದ, ಆನೆಮರಿಯಂಥ ಕಾರು.

"ಇದಕ್ಕಿಂತ ಭದ್ರವಾದ ಕಾರು ಭೂಮಿ ಮೇಲಿಲ್ಲ ಕಣೇ! ಈಗ ಬಾ!" ಎಂದರು.

"ಕಾರು ಭದ್ರವಾಗಿದೆ, ಸರಿ. ಓಡಿಸೋರು ನೀವೇ ತಾನೆ?" ಎಂದಳು ಅಕ್ಕ.

ಸುದ್ದಿ ಕೇಳಿ ಮೈಸೂರಿನಿಂದ ಚಿಕ್ಕಮ್ಮ ನನಗೆ ಫೋನು ಮಾಡಿದರು. "ನಿಮ್ಮ ಭಾವ ವೋಲ್ವೊ ತಗೊಂಡ್ರಂತೆ? ಒಳ್ಳೇದಾಯ್ತು ಬಿಡು, ರಿಟೈರ್ ಆದ್ಮೇಲೆ ಏನಾದ್ರೂ ಒಂದು ಇರ್ಬೇಕು. ಯಾವ ರೂಟಿಗೆ ಹಾಕ್ತಾರಂತೆ? ಕಂಡಕ್ಟರ್ ಸಿಕ್ಕಿದ್ನಾ?" ಎಂದರು. ಅದು ಬಸ್ಸಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ವಾಯುಸೇವನೆಯ ಹೊತ್ತು ಮೀರಿಹೋಗಿತ್ತು.

ನಮ್ಮ ಕನ್ನಡದವರ ದೇವಸ್ಥಾನದಲ್ಲಿ ಕಾರಿನ ಪೂಜೆಗೆ ಅಕ್ಕ ಬರಲಿಲ್ಲವೆಂದು ನಾನು ಹೋದೆ. ಅಲ್ಲಿಂದ ಶುರು ನನ್ನ ಗ್ರಹಚಾರ. ಅರ್ಚಕರು ಆರತಿ ಎತ್ತಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟು, "ಹೂಂ ಸ್ವಾಮಿ, ಹತ್ತಿಸಿ" ಎಂದರು.

ಭಾವ ಕಾರಿನಿಂದ ಕೆಳಗಿಳಿದರು! "ಹತ್ತಿಸೋದೇ? ಈ ಕಾರು ಯಾವುದಕ್ಕೂ ಗುದ್ದಬಾರ್ದು ಅಂತ ತಾನೆ ಪೂಜೆ? ಮೊದಲನೇ ದಿನವೇ ಅಪಘಾತ ಮಾಡಿಸ್ತೀರಲ್ಲ ಸ್ವಾಮಿ!"

"ಅದು ಶಾಸ್ತ್ರ..."

"ಶಾಸ್ತ್ರ ನಾನೂ ಓದಿದ್ದೀನಿ, ಯಂತ್ರಶಾಸ್ತ್ರ," ಎನ್ನುತ್ತ ಮಂಡಿಯೂರಿ ಒಂದೊಂದೇ ನಿಂಬೆಹಣ್ಣನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ಒಡೆಯಬೇಕಾಗಿದ್ದ ಬೂದುಗುಂಬಳಕಾಯಿಯನ್ನೂ ಅರ್ಚಕರ ಕೈಯಿಂದ ಬಿಡಿಸಿಕೊಂಡು ಡಿಕ್ಕಿಯಲ್ಲಿಟ್ಟರು. ಹಿಂದೆ ಪೂಜೆಗೆ ಕಾದಿದ್ದ ಕಾರುಗಳು ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದವು. ಅರ್ಚಕರು ದಿಕ್ಕು ತೋಚದೆ ನನ್ನ ಕಡೆ ತಿರುಗಿ, "ಅಮ್ಮಾ, ನೀವು ಇವರ ಕಡೆಯವರಾ?" ಎಂದು ಕೇಳಿದರು.

"ಇಲ್ಲ, ನಾನು ದರ್ಶನಕ್ಕೆ ಬಂದೋಳು," ಎಂದೆ.

ಆಗಲೇ ಕಾರಿನೊಳಗಿಂದ ಭಾವನ ಗಂಟಲು ಕೇಳಿಸಿತು: "ಮೇಜರ್! ಬಾಮ್ಮ, ಬೆಲ್ಟ್ ಹಾಕ್ಕೋ!"

ನಿಂಬೆಹಣ್ಣು ಅಂದೇ ಚಿತ್ರಾನ್ನವಾಯಿತು. ಕುಂಬಳಕಾಯಿಗೆ ಬೇರೆಯೇ ಭಾಗ್ಯ ಕಾದಿತ್ತು. ಮರುದಿನ ಬೆಳಿಗ್ಗೆ ಭಾವ ಅದನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಕಾಲೊನಿಯ ರಸ್ತೆಯಲ್ಲಿ ಜೋರಾಗಿ ಬಂದು ನಮ್ಮ ಬಾಲ್ಕನಿಯ ಕೆಳಗೆ ಗಕ್ಕನೆ ಬ್ರೇಕು ಹಾಕಿದರು. ಒಂದು ಸಲವಲ್ಲ, ಮತ್ತೆ ಮತ್ತೆ! ಎಲ್ಲ ಬಾಲ್ಕನಿಗಳೂ ತುಂಬಿದವು.

"ನೋಡು ಕಣೇ! ಇಷ್ಟು ಜೋರಾಗಿ ಬ್ರೇಕ್ ಹಾಕಿದ್ರೂ ಕುಂಬಳಕಾಯಿ ಅಲ್ಲಾಡ್ಲಿಲ್ಲ!"

ಅಕ್ಕ ಬಟ್ಟೆ ಒಣಹಾಕುತ್ತ ಹೇಳಿದಳು: "ಹಾಗಾದ್ರೆ ಅದನ್ನೇ ಕರ್ಕೊಂಡು ಹೋಗಿ!"

ಪಂಜಾಬಿ ನೆರೆಯಾಕೆ ನನ್ನನ್ನು ತಡೆದು ಅಕ್ಕ ಹೇಳಿದ್ದೇನೆಂದು ಕೇಳಿದರು. ಕನ್ನಡದ ಒಂದು ಮಂತ್ರವೆಂದೆ. ಮತ್ತೇನು ಹೇಳಲಿ ಹೇಳಿ?

ಭಾವನ ಸಂಭ್ರಮಕ್ಕೆ ಹೆಂಡತಿ ಸಿಗದಾಗ ನಾನೇ ಗತಿ. ಒಂದು ಮಧ್ಯಾಹ್ನ, ದಿಲ್ಲಿಯ ಸುಡುಬೇಸಿಗೆಯಲ್ಲಿ, ಗ್ರೇಟರ್ ನೋಯ್ಡಾದ ಅಗಲವಾದ ಹೆದ್ದಾರಿಗೆ ನನ್ನನ್ನು ಕರೆದೊಯ್ದರು. "ಎಂಜಿನ್ ಸದ್ದು ಕೇಳಿಸ್ತಾ? ಇಲ್ಲ ಅಲ್ವಾ? ಇದ್ರೆ ತಾನೆ!" ಎಂದು ಚಿಕ್ಕ ಹುಡುಗನ ಹಾಗೆ ನಗುತ್ತಿದ್ದರು. ಗಾಳಿಯನ್ನು ಸೀಳಿಕೊಂಡು ಹೋಗುವ ಆ ಕಾರಿನ ಓಟ ನನಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ? ಆದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಸೀಟು ಕಾದ ಹೆಂಚಿನಂತಾಯಿತು. ಕುದಿಯುತ್ತಿದ್ದರೂ ಸೇನೆಯವಳಲ್ಲವೇ, ಬೆನ್ನು ನೇರವಾಗಿಟ್ಟು ಕೂತೆ.

"ಮೇಜರ್, ಮುಖ ಯಾಕೆ ಕೆಂಪಾಗಿದೆ?"

"ಸೀಟು ಸುಡ್ತಿದೆ ಭಾವ!"

"ಸುಡದೇ ಇರುತ್ತಾ? ಚಳಿದೇಶದ ಕಾರು, ಸೀಟು ಬಿಸಿ ಮಾಡೋ ವ್ಯವಸ್ಥೆ ಇದೆ. ಹಣ ಕೊಟ್ಟ ಮೇಲೆ ಉಪಯೋಗಿಸ್ಬೇಡ್ವೇ?" ಎಂದರು. ಆಮೇಲೆ ನನ್ನ ಸೀಟಿನ ಕಡೆ ನೋಡಿ, ಸ್ವಲ್ಪ ಮೆತ್ತಗೆ, "ಚಳಿಗಾಲದಲ್ಲಿ ನಿಮ್ಮಕ್ಕನಿಗೆ ಬೆನ್ನು ನೋವು ಬರುತ್ತಲ್ಲ, ಆಗ ಹಿತವಾಗಿರುತ್ತೆ," ಎಂದರು.

ಇನ್ನು ಭಾನುವಾರಗಳ ಕಥೆ. ಅಕ್ಕ ಪ್ರತಿ ಭಾನುವಾರ ಹೌಜ್ ಖಾಸಿನ ಒಬ್ಬರ ಮನೆಯಲ್ಲಿ ದಿಲ್ಲಿಯಲ್ಲೇ ಬೆಳೆದ ಕನ್ನಡಿಗರ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಆಗಿನ್ನೂ ಆ ಕಡೆ ಮೆಟ್ರೊ ಬಂದಿರಲಿಲ್ಲ. ಅವಳು ಆಟೋ ಹಿಡಿಯುತ್ತಿದ್ದಳು. ಭಾವ ಏನು ಮಾಡಿದರು ಗೊತ್ತೇ? ಆ ಆಟೋ ಹಿಂದೆ ವೋಲ್ವೊ ಹಾಕಿಕೊಂಡು ಹೊರಟರು! ಮುಂದೆ ಪಟಪಟ ಎನ್ನುವ ಆಟೋ. ಅದರ ಬಾಲ ಹಿಡಿದಂತೆ, ದೀಪಗಳನ್ನು ಮಿಣುಕಿಸುತ್ತ, ಎತ್ತಿನಗಾಡಿಯ ವೇಗದಲ್ಲಿ ಆ ಭಾರಿ ಕಾರು. ಮಂತ್ರಿಗಳ ಹಿಂದೆ ಬೆಂಗಾವಲು ಇರುತ್ತದಲ್ಲ, ಹಾಗೆ. ಕಾರಿನೊಳಗೆ, ಎಲ್ಲರಿಗೂ ಕಾಣುವಂತೆ, ನಾನು. ಹಿಂದಿನಿಂದ ಬಂದವರೆಲ್ಲ ಕಿಟಕಿ ಇಳಿಸಿ ಹೇಳಿಹೋದ ಮಾತುಗಳನ್ನು ಇಲ್ಲಿ ಬರೆಯಲಾರೆ. ಹಿಂದಿ ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದು ಬದುಕಿನಲ್ಲಿ ಮೊದಲ ಸಲ ಅನ್ನಿಸಿತು.

ಮೊದಲನೆಯ ಭಾನುವಾರವೇ ಆಟೋದವನು ಹೆದರಿ, ಪೊಲೀಸರ ಅಡ್ಡಗಟ್ಟೆಯ ಹತ್ತಿರ ನಿಲ್ಲಿಸಿ, ಯಾರೋ ಮಾತಾಜಿಯ ಬೆನ್ನು ಹತ್ತಿದ್ದಾರೆ ಎಂದು ದೂರು ಕೊಟ್ಟ. ಪೊಲೀಸಿನವನು ಭಾವನನ್ನು ಕೆಳಗಿಳಿಸಿ ಅಕ್ಕನನ್ನು ಕೇಳಿದ: "ಮೇಡಂ, ಯೇ ಆದ್ಮಿ ಆಪ್ಕೋ ಪರೇಶಾನ್ ಕರ್ ರಹಾ ಹೈ?" ಈ ಮನುಷ್ಯ ನಿಮಗೆ ಕಾಟ ಕೊಡುತ್ತಿದ್ದಾನೆಯೇ ಎಂದು.

"ಹಾಂ ಜೀ," ಎಂದಳು ಅಕ್ಕ. "ಶಾದೀ ಕೇ ದಿನ್ ಸೇ." ಮದುವೆಯಾದ ದಿನದಿಂದ!

ಪೊಲೀಸಿನವನು ಮೀಸೆಯಡಿ ನಕ್ಕು ಕಾರಿನೊಳಕ್ಕೆ ಬಗ್ಗಿದ. "ಔರ್ ಆಪ್ ಕೌನ್?" ನೀವು ಯಾರು ಎಂದು. ಸೇನೆಯ ಮೇಜರ್ ಎನ್ನಲು ನಾಲಿಗೆ ಹೊರಳಲಿಲ್ಲ. "ಪ್ಯಾಸೆಂಜರ್" ಎಂದೆ.

ಆಮೇಲೆ ಆಟೋಗಳಿಗೆ ರೂಢಿಯಾಯಿತು. ಮಕ್ಕಳಿಗಂತೂ ಅದೇ ಪಾಠಕ್ಕಿಂತ ಹೆಚ್ಚಿನ ಆಕರ್ಷಣೆ. "ಅಜ್ಜೀ, ಆಜ್ ಭೀ ಅಜ್ಜ ಆಟೋ ಕೇ ಪೀಛೇ ಬಂದ್ರಾ?" ಇವತ್ತೂ ಅಜ್ಜ ಆಟೋ ಹಿಂದೆಯೇ ಬಂದರಾ ಎಂದು ಪುಟಾಣಿಯೊಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಕೇಳಿದಾಗ ಅಲ್ಲಿ ಸೇರಿದ್ದ ತಾಯಂದಿರೆಲ್ಲ ಬಾಯಿಗೆ ಸೆರಗು ಹಿಡಿದರು. ಆ ಸೆರಗುಗಳ ಹಿಂದಿನ ನಗು ನನ್ನ ಬೆನ್ನಿಗೆ ಸೂಜಿಯಂತೆ ಚುಚ್ಚಿತು. ಸಾಕು ಎನಿಸಿತು. ಮುಂದಿನ ಭಾನುವಾರ ವೋಲ್ವೊದ ಬಾಗಿಲು ತೆರೆದು ಕಾದಿದ್ದ ಭಾವನನ್ನು ದಾಟಿಹೋಗಿ, ಅಕ್ಕನ ಪಕ್ಕದಲ್ಲಿ ಆಟೋದೊಳಗೆ ಕೂತೆ. ಭಾವನ ಮುಖ ಸಣ್ಣದಾಯಿತು. ಒಬ್ಬರೇ ಆಟೋ ಹಿಂದೆ ಹೊರಟರು.

ಆಟೋ ದೊಡ್ಡ ರಸ್ತೆಗೆ ಬಂದು ವೇಗ ಹಿಡಿಯುತ್ತಿದ್ದಂತೆ ಅಕ್ಕ ತಿರುಗಿ ಹಿಂದಿನ ಸಣ್ಣ ಕಿಂಡಿಯಲ್ಲಿ ಇಣುಕಿದಳು. "ಭಯ್ಯಾ, ಧೀರೇ ಚಲೋ. ಸಾಹಬ್ ಪೀಛೇ ರಹ್ ಗಯೇ," ಎಂದಳು. ನಿಧಾನವಾಗಿ ಹೋಗಪ್ಪ, ಸಾಹೇಬರು ಹಿಂದುಳಿದರು ಎಂದು.

"ಮಾತಾಜೀ, ಸೈಕಲ್ ಭೀ ಆಗೇ ನಿಕಲ್ ಗಯೀ!" ಸೈಕಲ್ಲು ಕೂಡ ನಮ್ಮನ್ನು ದಾಟಿಹೋಯಿತು ಎಂದು ಅವನು ಗೊಣಗಿದ.

ನಾನು ಬೆಚ್ಚಿದೆ. "ಏನೇ ಅಕ್ಕ, ಆಟೋ ನಿಧಾನ ಹೋಗೋದು ನೀನು ಹೇಳಿಯಾ?"

"ಮತ್ತೆ? ಮುರಿದು ಕೂಡಿದ ಕಾಲು. ಹಿಂದೆ ಬೀಳ್ತೀನಿ ಅಂತ ಜೋರಾಗಿ ಬಿಟ್ಟು ಎಲ್ಲಾದ್ರೂ ಹೊಡ್ಕೊಂಡ್ರೆ?"

"ಇಷ್ಟೊಂದು ಚಿಂತೆ ಇರೋಳು ಪಕ್ಕದಲ್ಲೇ ಕೂತ್ಕೋಬಾರ್ದಾ? ಅವರು ಬೇಡ್ತಿರೋದು ಅದೊಂದೇ ಅಲ್ವೇನೇ?"

ಅಕ್ಕ ಮತ್ತೆ ಕಿಂಡಿಯಲ್ಲಿ ಹಿಂದೆ ನೋಡಿದಳು. "ಕೂತಿದ್ದೆನಲ್ಲ ಅವತ್ತು," ಎಂದಳು. "ಗಾಬರಿಯಲ್ಲಿ ತಪ್ಪು ಕಡೆಗೆ ತಿರುಗಿಸಿದ್ರು ಅಂತ ಎಲ್ಲಾರೂ ನಗ್ತೀರಿ. ಗಾಬರಿ ಏನೂ ಇರ್ಲಿಲ್ಲ ಕಣೇ. ಟ್ರಕ್ಕು ನನ್ನ ಕಡೆ ಬರ್ತಿತ್ತು. ಅವರು ನನ್ನ ಮುಖ ಒಂದ್ಸಲ ನೋಡಿದ್ರು. ಆಮೇಲೆ, ಬೋರ್ಡಿನ ಮೇಲೆ ಗೆರೆ ಎಳೆಯೋ ಹಾಗೆ ಸ್ಟೀರಿಂಗ್ ಎಡಕ್ಕೆ ತಿರುಗಿಸಿ ತಮ್ಮ ಮೈ ಒಡ್ಡಿದ್ರು. ನಾನು ಪಕ್ಕದಲ್ಲಿದ್ರೆ ಮತ್ತೂ ಹಾಗೇ ಮಾಡ್ತಾರೆ. ಒಬ್ಬರೇ ಇದ್ರೆ ತಮ್ಮ ಜೀವ ತಾವು ನೋಡ್ಕೋತಾರೆ."

ಇಷ್ಟು ದಿನ ಭಾವನ ದೆಸೆಯಿಂದ ನಾಚಿದ್ದೆ. ಆ ನಾಚಿಕೆ ವೋಲ್ವೊದಿಂದ ಇಳಿದು ಬಂದು ಆಟೋದಲ್ಲಿ ನನ್ನ ತೊಡೆಯ ಮೇಲೆಯೇ ಕೂತಿತು. ಆದರೆ ಕೂತು ಕಣ್ಣೊರೆಸಿಕೊಳ್ಳುವುದು ನನ್ನ ಅಭ್ಯಾಸವಲ್ಲ. ಬೇವಿನಮರಗಳ ಸಾಲಿನಲ್ಲಿ ಆಟೋ ನಿಲ್ಲಿಸಿದೆ. ಹಿಂದೆ ವೋಲ್ವೊವೂ ನಿಂತಿತು. ನೇರವಾಗಿ ಹೋಗಿ ಕಿಟಕಿ ತಟ್ಟಿದೆ.

"ಭಾವ, ಒಂದು ಮಾತು ಕೊಡಿ. ಅಕ್ಕ ಪಕ್ಕದಲ್ಲಿರುವಾಗ ಏನೇ ಎದುರು ಬಂದ್ರೂ ನಿಮ್ಮ ಮೈ ಒಡ್ಡೋ ಹಾಗೆ ತಿರುಗಿಸೋದಿಲ್ಲ ಅಂತ. ಮಾತು ಕೊಟ್ರೆ ಈಗಲೇ ಬಂದು ಕೂರ್ತಾಳೆ."

ಭಾವ ಎಂಜಿನ್ ಆರಿಸಿದರು. ಎಡಗಡೆಯ ಖಾಲಿ ಸೀಟನ್ನು ನೋಡಿದರು. ಸುಮ್ಮನೆ "ಆಯ್ತು" ಎಂದುಬಿಟ್ಟಿದ್ದರೆ, ಕಾರು ಕೊಂಡ ದಿನದಿಂದ ಬಯಸಿದ್ದು ಆ ಕ್ಷಣವೇ ಕೈಸೇರುತ್ತಿತ್ತು.

"ಆಗೋದಿಲ್ಲಮ್ಮ," ಎಂದರು. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು ಅಂತ ಹೇಳು ಅವಳಿಗೆ."

ಅಕ್ಕ ಯಾವಾಗಲೋ ನನ್ನ ಹಿಂದೆ ಬಂದು ನಿಂತಿದ್ದಳು. ಹಿಂದಿನ ಬಾಗಿಲು ತೆರೆದು, ಭಾವನ ಬೆನ್ನಿಗೆ ಸರಿಯಾಗಿ, ಬಲಗಡೆಯೇ ಕೂತಳು. ಬೆಲ್ಟು ಎಳೆದು ಹಾಕಿಕೊಂಡಳು.

"ನೀವಿರೋ ಕಡೆಯೇ ನಾನೂ ಕೂತಿದ್ದೀನಿ," ಎಂದಳು. "ಇನ್ನು ಯಾವ ಕಡೆಗೆ ತಿರುಗಿಸ್ತೀರೋ ತಿರುಗಿಸಿ."

"ಮುಂದಿನ ಸೀಟು?" ಎಂದರು ಭಾವ.

"ಅಲ್ಲಿ ಮೇಜರ್ ಕೂತ್ಕೊಳ್ಲಿ."

ಅಂದರೆ ಇನ್ನು ಮುಂದೆ ಎದುರಿನಿಂದ ಬರುವುದೆಲ್ಲ ನನ್ನ ಪಾಲಿಗೆ! ಆದರೂ ಹೋಗಿ ಕೂತೆ. ಭಾವ ಕಾರು ಹೊರಡಿಸುವ ಮೊದಲು ಕೈಯೆತ್ತಿ, ಮೇಲಿನ ಕನ್ನಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿಕೊಂಡರು. ರಸ್ತೆ ಕಾಣುವಂತೆ ಅಲ್ಲ, ಅಕ್ಕನ ಮುಖ ಕಾಣುವಂತೆ. ನಿಯಮದ ಪ್ರಕಾರ ಅದು ತಪ್ಪು. ನಾನು ಕಿಟಕಿಯಿಂದ ಹೊರಗೆ ಕತ್ತು ಚಾಚಿ, ಹೌಜ್ ಖಾಸ್ ಬರುವವರೆಗೂ ಹಿಂದೆ ಬರುವ ಗಾಡಿಗಳನ್ನು ನಾನೇ ನೋಡಿಕೊಂಡೆ.