ಹೂಂ ಅಂದವರ ಹೊಟ್ಟೆ

ರಾಜಾಜಿನಗರದ ಆ ಆಸ್ಪತ್ರೆಯಲ್ಲಿ ತಿಳಿವಳಿಕೆ ಇಲ್ಲದ ಒಂದು ಹೊಟ್ಟೆಗೂ ಕತ್ತರಿ ತಾಗಿಸುವುದಿಲ್ಲ. ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯು ಜಾಗೃತಿ ತರಗತಿಗೆ ಹಾಜರಾಗಿ, ಎಲ್ಲವನ್ನೂ ಅರಿತು, ಸ್ವಇಚ್ಛೆಯಿಂದ ಒಪ್ಪತಕ್ಕದ್ದು. ತರಗತಿ ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಸ್ಟ್ರೆಚರುಗಳಿಗೆ ಮೀಸಲು.

ಕೆಂಗೇರಿ ಉಪನಗರದ ಕಲಾವತಿ, ಭಾರ ಇಳಿದರೆ ಮಂಡಿನೋವು ಹೋಗಿ ನಾಲ್ಕು ಜನರಂತೆ ಓಡಾಡಿಯೇನು ಎಂಬ ಆಸೆಯಿಂದ ಬಂದಿದ್ದಳು. ಮೆಟ್ಟಿಲು ನೋಡಿದವಳೇ ಬುಡದಲ್ಲಿ ಕುಳಿತು, "ನೀವ ಹೋಗಿ ಕೇಳ್ಕೊಂಡ್ ಬರ್ರಿ" ಎಂದು ಗಂಡ ದುಂಡಪ್ಪನನ್ನು ಅಟ್ಟಿದಳು. ದುಂಡಪ್ಪನೋ, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡ ನರಪೇತಲ.

ಆಪ್ತಸಮಾಲೋಚಕಿ ಧನ್ಯಶ್ರೀ ವಿವರಿಸುತ್ತಾ ಹೋದಳು. ಹೊಟ್ಟೆಯ ಮುಕ್ಕಾಲು ಭಾಗ ತೆಗೆಯಲಾಗುವುದು. ಹೂಂ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು. ಹೂಂ. ಮಾತಾಡುವವರ ಎದುರು ಕಲ್ಲಿನಂತೆ ಕೂರುವುದು ಅಗೌರವವೆಂದು ಬೆಳೆದ ದುಂಡಪ್ಪ ಒಂದು ವಾಕ್ಯಕ್ಕೂ ಹೂಂಗುಟ್ಟದೆ ಬಿಡಲಿಲ್ಲ. ಅಷ್ಟನ್ನೂ ವಿಡಿಯೋ ಮಾಡಿಕೊಂಡರು. ಇಂಥ ಮಾದರಿ ಒಪ್ಪಿಗೆ ಆಸ್ಪತ್ರೆಗೆ ಹಿಂದೆಂದೂ ದೊರೆತಿರಲಿಲ್ಲ.

ತಡಮಾಡದೆ ಅವನಿಗೆ ಹಸಿರು ಗೌನು ತೊಡಿಸಿದರು.

"ಮೇಡಮ್, ದಪ್ಪ ಇರಾಕಿ ನಮ್ಮಾಕಿರೀ! ನಾ ಬರೇ ಹೂಂ ಅಂದೆ!"

"ಸಾರ್, ಆಂಟಿಗೆ ಇದರ ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿಲ್ದೋರನ್ನ ಕೊಯ್ಯೋದು ತಪ್ಪಲ್ವಾ? ತಿಳ್ಕೊಂಡಿರೋರು ನೀವು."

"ನನ್ನ ತೂಕಾರ ನೋಡ್ರಿ!"

"ನಿಮ್ ಇನ್ಶೂರೆನ್ಸ್ ಪಾಲಿಸಿ ಫ್ಯಾಮಿಲಿದಲ್ವಾ ಸಾರ್, ತೂಕನೂ ಫ್ಯಾಮಿಲಿದೇ. ಇಬ್ರದ್ದೂ ಸೇರ್ಸಿ ಸರಾಸರಿ ತೆಗೆದಿದ್ದೀವಿ. ಆರಾಮಾಗಿ ಪಾಸಾಗಿದೀರ. ಅರ್ಥ ಆಯ್ತಲ್ಲಾ?"

ದುಂಡಪ್ಪನ ಜೀವ ಬಾಯಿಗೆ ಬಂದಿತ್ತು. ಆದರೂ ಅಭ್ಯಾಸಬಲದಿಂದ "ಹೂಂ" ಎಂದುಬಿಟ್ಟ. ಈಗ ಅವನು ಸ್ಟ್ರೆಚರಿನಲ್ಲಿದ್ದುದರಿಂದ ಲಿಫ್ಟಿಗೂ ಅಭ್ಯಂತರವಿರಲಿಲ್ಲ.

ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ದಂಪತಿಗಳ ಸರಾಸರಿ ತೂಕ ಗಣನೀಯವಾಗಿ ಇಳಿದಿದೆಯೆಂದು ಪ್ರಕಟಿಸಿ, ಆಸ್ಪತ್ರೆ ಇಬ್ಬರಿಗೂ ಶಾಲು ಹೊದಿಸಿತು. ದುಂಡಪ್ಪ ಈಗ ಅರ್ಧ ಇಡ್ಲಿಗೆ ಕೈ ತೊಳೆಯುತ್ತಾನೆ. ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಕಲಾವತಿ ತಿನ್ನುತ್ತಾಳೆ. ಪಾಪ, ಅವಳ ಮಂಡಿ ಮಾತ್ರ ಇನ್ನಷ್ಟು ಕೆಟ್ಟಿತು.

ಮತ್ತೆ ಹೋದಾಗ, ಹೊಸ ಶಸ್ತ್ರಚಿಕಿತ್ಸೆಗೆ ಹೊಸದಾಗಿ ತರಗತಿ ಕೇಳತಕ್ಕದ್ದು ಎಂದರು. ಕಲಾವತಿ ಮೆಟ್ಟಿಲ ಬುಡದಲ್ಲಿ ಕುಳಿತಳು. ನಿತ್ರಾಣನಾದ ದುಂಡಪ್ಪನೂ ಪಕ್ಕದಲ್ಲಿ ಕುಳಿತ. ಅವರನ್ನು ಆಟೋದಲ್ಲಿ ಕರೆತಂದಿದ್ದ ಅವಳ ತಮ್ಮ ಶಿವಯೋಗಿ, "ನೀವ್ ಕುಂದರ್ರಿ ಮಾಮಾ, ನಾ ಕೇಳಿ ಬರ್ತೀನಿ" ಎಂದು ಮೆಟ್ಟಿಲು ಹತ್ತಿದ. ಪಾಪದ ಹುಡುಗ, ಹಿರಿಯರ ಮಾತಿಗೆ ತಪ್ಪದೆ ಹೂಂಗುಟ್ಟುವವನು.

"ಈ ಸಲನಾದ್ರೂ ನನಗ ಮಾಡ್ತಾರಲ್ರೀ?" ಎಂದು ಕಲಾವತಿ ಆಸೆಯಿಂದ ಕೇಳಿದಳು.

"ಹೂಂ" ಎಂದ ದುಂಡಪ್ಪ.