ಕಚೇರಿಯ ಮೀನಿನ ತೊಟ್ಟಿಯ ನೀರು ಅನುಮತಿಯಿಲ್ಲದೆ ತಿಳಿಯಾದ ಬಗ್ಗೆ

ಸಂಖ್ಯೆ: ಪವೃ/ಮೀತೊ/ಸಂಪು/ಇತರೆ/2025-26
ಪಶ್ಚಿಮ ವೃತ್ತ ಕಚೇರಿ, ವಿಜಯನಗರ, ಬೆಂಗಳೂರು
ದಿನಾಂಕ: 19-01-2026

ಸುತ್ತೋಲೆ

ವಿಷಯ: ಸಿಬ್ಬಂದಿಯು ಕೈಯಾರೆ ಸಂಪು ಹಾಗೂ ರೆಫ್ಯೂಜಿಯಂ ಕಟ್ಟಿ ಕಚೇರಿಯ ಮೀನಿನ ತೊಟ್ಟಿಯನ್ನು ಶುದ್ಧಗೊಳಿಸುವ ಪ್ರವೃತ್ತಿಯನ್ನು ನಿರ್ಬಂಧಿಸುವ ಕುರಿತು.

ಉಲ್ಲೇಖ: 1) ಅಧೀಕ್ಷಕರಾದ ಶ್ರೀ ಬಸವಕುಮಾರ್ ಅವರ ಮೌಖಿಕ ದೂರು (ಏರುದನಿಯಲ್ಲಿ).
2) ಪ್ರಥಮ ದರ್ಜೆ ಸಹಾಯಕಿ ಶ್ರೀಮತಿ ಶಶಿಕಲಾ ಅವರ ವಿವರಣೆ.
3) ತೊಟ್ಟಿ ಇರಿಸಿದಾಗ ಹೊರಡಿಸಿದ ಆದೇಶ (ಕಡತ ಲಭ್ಯವಿಲ್ಲ).

ಈ ಕಚೇರಿಯಲ್ಲಿ ಸಾರ್ವಜನಿಕರು ಕಾಯುವ ಬೆಂಚಿಗೂ ಸಿಬ್ಬಂದಿಯ ಮೇಜುಗಳಿಗೂ ನಡುವೆ ವಾಸ್ತು ಪ್ರಕಾರ ಉದ್ದನೆಯ ಮೀನಿನ ತೊಟ್ಟಿಯೊಂದನ್ನು ಇರಿಸಲಾಗಿದೆ. ಅದರ ನೀರು ವರ್ಷಗಳಿಂದ ಪಾಲಕ್ ಸಾರಿನ ಬಣ್ಣದಲ್ಲಿದ್ದು, ಇಲಾಖೆಗೆ ಖರ್ಚಿಲ್ಲದೆ ಗೋಡೆಯ ಕೆಲಸ ಮಾಡುತ್ತಾ ಬಂದಿತ್ತು. ಮೀನುಗಳು ಆಗಾಗ ಸಾಯುತ್ತಿದ್ದವಾದರೂ ಆ ಬಗ್ಗೆ ಯಾವ ಮೀನಿನಿಂದಲೂ ಲಿಖಿತ ದೂರು ಸ್ವೀಕೃತವಾಗಿರುವುದಿಲ್ಲ.

ಹೀಗಿರುವಾಗ, ಚಂದ್ರಾ ಲೇಔಟಿನ ತಮ್ಮ ಮನೆಯಲ್ಲೂ ಮೀನು ಸಾಕಿರುವ ಶ್ರೀಮತಿ ಶಶಿಕಲಾ ಅವರು ಕ್ರಿಸ್‌ಮಸ್ ರಜೆಯಂದು ಕಚೇರಿಗೆ ಬಂದು (ರಜೆಯಲ್ಲಿ ಕಚೇರಿಗೆ ಬಂದದ್ದು ಪ್ರತ್ಯೇಕ ವಿಚಾರಣೆಗೆ ಅರ್ಹ), ಮನೆಯಲ್ಲಿದ್ದ ಹಳೆಯ ಗಾಜಿನ ಪೆಟ್ಟಿಗೆಗೆ ಗಾಜಿನ ಅಡ್ಡಪಟ್ಟಿ ಅಂಟಿಸಿ, ಮೂರು ಕೋಣೆ ಮಾಡಿ, ತೊಟ್ಟಿಯ ಕೆಳಗಿನ ಬೀರುವಿನಲ್ಲಿ ಕೂರಿಸಿರುತ್ತಾರೆ. ಮೇಲಿನ ಕೊಳೆ ನೀರು ಪೈಪಿನಲ್ಲಿ ಇಳಿದು, ಮೊದಲ ಕೋಣೆಯ ಸ್ಪಂಜಿನಲ್ಲಿ ಸೋಸಿಕೊಂಡು, ನಡುವಿನ ಕೋಣೆಯ ಗಿಡ ಮತ್ತು ಬಸವನಹುಳುಗಳ ನಡುವೆ ಹಾದು, ಕೊನೆಯ ಕೋಣೆಯ ಪುಟ್ಟ ಮೋಟಾರಿನಿಂದ ಮತ್ತೆ ಮೇಲೇರುತ್ತದೆ. ಇಡೀ ಪೆಟ್ಟಿಗೆಗೆ ಸಂಪು ಎಂದೂ, ನಡುವಿನ ಕೋಣೆಗೆ ರೆಫ್ಯೂಜಿಯಂ, ಅಂದರೆ ಆಶ್ರಯತಾಣ ಎಂದೂ ಹೆಸರಂತೆ.

ಇದರ ಪರಿಣಾಮವಾಗಿ ನೀರು ತಿಳಿಯಾಗಿ, ಈ ತಿಂಗಳ ಹದಿಮೂರರಂದು ಕಚೇರಿಯು ಆಚೆಯಿಂದ ಈಚೆಗೆ ಕಾಣತೊಡಗಿತು. ಅಂದು ಬೆಂಚಿನಲ್ಲಿದ್ದ, ಕಾಮಾಕ್ಷಿಪಾಳ್ಯದ ನಿವಾಸಿ ಎಂದು ಹೇಳಿಕೊಳ್ಳುವ ಶ್ರೀಮತಿ ಮುನಿತಾಯಮ್ಮ ಎಂಬುವರು, ಮೊಮ್ಮಗಳು ರಕ್ಷಾಳ ವಸತಿ ಶಾಲೆಯ ಪ್ರವೇಶ ಪರೀಕ್ಷೆಗಾಗಿ ವಾಸಸ್ಥಳ ದೃಢೀಕರಣ ಪತ್ರ ಕೋರಿ ದೀಪಾವಳಿಯಿಂದ ಬರುತ್ತಿದ್ದು, ಪ್ರತಿ ಬಾರಿಯೂ "ಸಾಹೇಬ್ರು ಫೀಲ್ಡಿಗೆ ಹೋಗಿದಾರೆ" ಎಂಬ ಸಮರ್ಪಕ ಉತ್ತರ ಪಡೆದಿರುತ್ತಾರೆ. ಸದರಿಯವರು ಎರಡು ಗೋಲ್ಡ್‌ಫಿಶ್‌ಗಳ ನಡುವಿನಿಂದ ಇಣುಕಿ, "ಅಯ್ಯೋ, ಸಾಹೇಬ್ರು ಇಲ್ಲೇ ಕೂತವ್ರೆ ಕಣ್ರಪ್ಪಾ! ಮೀನಿನ್ ಹಿಂದೆ ಅವರೆಕಾಳು ಹಿತುಕ್ತಾವ್ರೆ!" ಎಂದು ಕೂಗಿದ್ದರಿಂದ ಇಡೀ ಬೆಂಚು ಎದ್ದು ನಿಂತಿರುತ್ತದೆ. ಗಾಬರಿಯಲ್ಲಿ ಶ್ರೀ ಬಸವಕುಮಾರ್ ಅವರು ಕೆಲವು ಅರ್ಜಿಗಳಿಗೆ ಸಹಿ ಮಾಡುವ ಅಹಿತಕರ ಘಟನೆಯೂ ನಡೆದಿದೆ. ಶ್ರೀಮತಿ ಮುನಿತಾಯಮ್ಮ ಅವರ ಸರದಿ ಬಂದಾಗ ಅವರೆಕಾಳಿನಿಂದ ಕೈ ಒದ್ದೆಯಿದ್ದುದು ನೆನಪಾಗಿ ನಿಲ್ಲಿಸಲಾಯಿತು.

ಕಾರಣ ಕೇಳಲಾಗಿ ಶ್ರೀಮತಿ ಶಶಿಕಲಾ ಅವರು, "ಮೀನು ಸಾಯ್ತಾ ಇದ್ವು ಸಾರ್, ನೀರು ಕ್ಲೀನ್ ಮಾಡ್ದೆ. ಆ ಕಡೆ ಯಾರ್ ಕೂತಿದಾರೆ, ಏನ್ ಸುಲೀತಿದಾರೆ ಅಂತ ನಾನೇನ್ ಬೋರ್ಡ್ ಹಾಕಿದ್ನಾ?" ಎಂದಿರುತ್ತಾರೆ. ಉತ್ತರವು ಸಮಾಧಾನಕರವಾಗಿಲ್ಲ. ಆದ್ದರಿಂದ ಕೆಳಕಂಡಂತೆ ನಡೆದುಕೊಳ್ಳಲು ಸರ್ವರಿಗೂ ಈ ಮೂಲಕ ಸೂಚಿಸಲಾಗಿದೆ:

1. ಮನೆಯಲ್ಲಿ ತಯಾರಿಸಿದ ಯಾವುದೇ ಸಂಪನ್ನು ಪೂರ್ವಾನುಮತಿಯಿಲ್ಲದೆ ಅಳವಡಿಸತಕ್ಕದ್ದಲ್ಲ. ಅನುಮತಿ ಕೋರಿದಲ್ಲಿ ನಿರಾಕರಿಸಲಾಗುವುದು.

2. ನೀರು ಕೆಳಗಿಳಿದ ಕ್ಷಣದಲ್ಲೇ ಶುದ್ಧವಾಗಿ ಮೇಲಕ್ಕೆ ಹೋಗುತ್ತಿರುವುದು ತಪ್ಪು ಸಂದೇಶ ನೀಡುತ್ತಿದೆ. ಸಂಪು ಇಲ್ಲಿಂದ ತೆರವಾಗುವವರೆಗೆ ಕೆಳಗೆ ಬಂದ ನೀರಿಗೆ ಮೊದಲು ಆಕ್ಷೇಪಣೆ ಹಾಕತಕ್ಕದ್ದು. ನೀರು ಸಮಜಾಯಿಷಿ ನೀಡಿದ ನಂತರವಷ್ಟೇ ಮೇಲಕ್ಕೆ ಮಂಡಿಸುವುದು.

3. ನಡುವಿನ ಕೋಣೆಯ ಬಸವನಹುಳುಗಳು ದಿನವಿಡೀ ಪಾಚಿ ತಿನ್ನುತ್ತಾ ಕೆಲಸದಲ್ಲಿ ತೊಡಗಿರುವುದು ಕಂಡುಬಂದಿದೆ. ಆಶ್ರಯತಾಣ ಎಂಬ ವ್ಯವಸ್ಥೆ ಈ ಇಲಾಖೆಗೆ ಹೊಸದಲ್ಲ. ಇಲ್ಲಿ ಅದನ್ನು ನಿಯೋಜನೆ (ಡೆಪ್ಯುಟೇಷನ್) ಎನ್ನಲಾಗುತ್ತದೆ. ಆಶ್ರಯ ಪಡೆದವರು ಕೆಲಸ ಮಾಡುವುದು ಆ ವ್ಯವಸ್ಥೆಯ ಮೂಲ ಉದ್ದೇಶಕ್ಕೇ ವಿರುದ್ಧ.

4. ಮೋಟಾರು ಊಟದ ವಿರಾಮ ಪಡೆಯದೆ ಓಡುತ್ತಿರುವುದರಿಂದ ಇತರರಿಗೆ ಮುಜುಗರವಾಗುತ್ತಿದೆ. ಅದು ಹನ್ನೊಂದು ಗಂಟೆಗೆ ಶುರುವಾಗಿ, ಕಾಫಿಗೆ ನಿಂತು, ಶುಕ್ರವಾರ ಪೂಜೆಯ ನಂತರ ಮನಸ್ಸಿದ್ದರೆ ಮುಂದುವರಿಯತಕ್ಕದ್ದು.

5. ನೀರನ್ನು ಹಿಂದಿನ ಹಸಿರಿಗೆ ತರಲು ಸಮಿತಿಯೊಂದನ್ನು ರಚಿಸಲಾಗಿದೆ. ಸಮಿತಿಯು ಉಳಿದ ಕಾಫಿ, ಬಿಸ್ಕತ್ತಿನ ಪುಡಿ ಮತ್ತು ಅವರೆಕಾಳಿನ ಸಿಪ್ಪೆಯನ್ನು ಪ್ರತಿದಿನ ತೊಟ್ಟಿಗೆ ಹಾಕುವುದು. ಪರದೆ ಹಾಕಬಹುದಲ್ಲ ಎಂಬ ಸಲಹೆಯನ್ನು ಪರಿಶೀಲಿಸಲಾಗಿ, ಪರದೆಗೆ ಟೆಂಡರ್ ಕರೆಯಬೇಕಾಗುತ್ತದೆ, ಪಾಚಿ ತಾನಾಗಿ ಬೆಳೆಯುತ್ತದೆ ಎಂಬುದು ಮನವರಿಕೆಯಾಗಿದೆ.

6. ಕುರ್ಚಿಗೆ ನೇತುಹಾಕಿದ ಸ್ವೆಟರ್ ಯಾವುದು, ಅಧೀಕ್ಷಕರು ಯಾರು ಎಂದು ಬೆಂಚಿನಿಂದ ಗುರುತಿಸಲಾಗದ ಹಂತ ತಲುಪಿದಾಗ ನೀರು ಸುಸ್ಥಿತಿಗೆ ಬಂದಿದೆ ಎಂದು ಪ್ರಮಾಣೀಕರಿಸುವುದು.

7. ಈ ಅವಧಿಯಲ್ಲಿ ಸಾಯುವ ಮೀನುಗಳನ್ನು ಸ್ವಯಂ ನಿವೃತ್ತಿ ಪಡೆದವೆಂದು ಪರಿಗಣಿಸಲಾಗುವುದು. ಬದುಕಿರುವವು ಸಾಧ್ಯವಾದಷ್ಟು ಒತ್ತೊತ್ತಾಗಿ, ಅಧೀಕ್ಷಕರ ಮೇಜಿಗೆ ಅಡ್ಡಲಾಗಿ ಈಜತಕ್ಕದ್ದು.

8. ಸಾರ್ವಜನಿಕರು ಮೀನನ್ನು ನೋಡಬಹುದು. ಮೀನಿನಿಂದಾಚೆ ನೋಡುವುದನ್ನು ಕರ್ತವ್ಯಕ್ಕೆ ಅಡ್ಡಿ ಎಂದು ಭಾವಿಸಲಾಗುವುದು.

9. ಶ್ರೀಮತಿ ಶಶಿಕಲಾ ಅವರನ್ನು ಸಂಪಿನ ಸಮೇತ ಕೆಂಗೇರಿ ಶಾಖೆಗೆ ವರ್ಗಾಯಿಸಲಾಗಿದೆ. ಅಲ್ಲಿ ಮೀನಿನ ತೊಟ್ಟಿ ಇಲ್ಲ. ಗಟ್ಟಿಯಾದ ಗೋಡೆ ಇದೆ.

10. ಶ್ರೀಮತಿ ಮುನಿತಾಯಮ್ಮ ಅವರ ಅರ್ಜಿಯನ್ನು ನೀರು ಹಸಿರಾದ ನಂತರ ಪರಿಶೀಲಿಸಲಾಗುವುದು. ಮೊಮ್ಮಗಳ ಪರೀಕ್ಷೆಗೆ ಅರ್ಜಿ ಹಾಕಲು ಇದೇ 31 ಕೊನೆಯ ದಿನವೆಂದು ಅವರು ಕಣ್ಣೀರಿಟ್ಟು ತಿಳಿಸಿರುತ್ತಾರೆ. ಮೇಲ್ಕಂಡ ಸಮಿತಿಯ ಮೊದಲ ಸಭೆ ಫೆಬ್ರವರಿ 2ರಂದು ಇರುವುದರಿಂದ ನಿಯಮಾನುಸಾರ ವಿಷಾದಿಸಲಾಗಿದೆ.

ಸಹಿ/-
ವೃತ್ತ ಅಧಿಕಾರಿಗಳು
(ಫೀಲ್ಡಿಗೆ ಹೋಗಿರುವುದರಿಂದ ಅವರ ಪರವಾಗಿ ಶ್ರೀ ಬಸವಕುಮಾರ್, ಅಧೀಕ್ಷಕರು, ಕೈ ಒರೆಸಿಕೊಂಡು)

ಪ್ರತಿಗಳು:
1. ಎಲ್ಲ ಮೇಜುಗಳಿಗೆ. ಆಸೀನರು ಇಲ್ಲದಿದ್ದಲ್ಲಿ ಸ್ವೆಟರಿನ ಜೇಬಿನಲ್ಲಿ ಇರಿಸುವುದು.
2. ಕೆಂಗೇರಿ ಶಾಖೆಗೆ, ಮುನ್ನೆಚ್ಚರಿಕೆಗಾಗಿ.
3. ಮೀನುಗಳಿಗೆ. ತೊಟ್ಟಿಯ ಗಾಜಿನ ಮೇಲೆ, ಬೆಂಚಿನ ಕಡೆಯಿಂದ, ಆದಷ್ಟು ದೊಡ್ಡ ಹಾಳೆಯಲ್ಲಿ ಅಂಟಿಸುವುದು.
4. ಶ್ರೀಮತಿ ಮುನಿತಾಯಮ್ಮ, ಕಾಮಾಕ್ಷಿಪಾಳ್ಯ. ಇವರ ವಾಸಸ್ಥಳ ದೃಢೀಕರಣವಾಗದೆ ಇರುವುದರಿಂದ ಈ ಪ್ರತಿಯನ್ನು ಕಳುಹಿಸಿರುವುದಿಲ್ಲ.