ಬೇರೆ ಲೋಕದವನು ಆಡಿದ ಮಾತು

ಜೀವಮಾನದಲ್ಲಿ ನಾನು ಟೀವಿಯಲ್ಲಿ ಕಾಣಿಸಿಕೊಂಡಿದ್ದು ಒಂದೇ ಸಲ, ಅದೂ ಮುಖ ಕಾಣದ ಹಾಗೆ. ಆದರೂ ಅದು ನನ್ನ ಬೆನ್ನು ಬಿಟ್ಟಿಲ್ಲ. ಪ್ಯಾಂಟಿನ ಅಳತೆ ಕೊಡಲು ಬಂದವರು ಟೇಪು ಸೊಂಟದಲ್ಲಿರುವಾಗಲೇ ತಿರುಗಿ, "ಅವನು ನೀವೇ ಅಂತಲ್ಲ?" ಎಂದು ಕೇಳುತ್ತಾರೆ. ಅಳತೆ ತಪ್ಪುತ್ತದೆ.

ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ಮದುವೆಯಾದ ಹೊಸತರಲ್ಲೇ ನಾಸಿಕ್ ರೋಡಿಗೆ ಬಂದು ಹೊಲಿಗೆ ಅಂಗಡಿ ಹಾಕಿದೆ. ಆಗ ಟೀವಿಯಲ್ಲಿ ವಿಜ್ಞಾನದ ಕಥೆಗಳ ಧಾರಾವಾಹಿಯೊಂದು ಬರುತ್ತಿತ್ತು, ವಾರಕ್ಕೊಂದು ಕಥೆ. ಉಳಿದವನ್ನೆಲ್ಲ ಜನ ಮರೆತಿದ್ದಾರೆ, ಒಂದು ಮಾತ್ರ ನೆನಪಿಟ್ಟಿದ್ದಾರೆ. ಅದರಲ್ಲಿ ಬೇರೆ ಗ್ರಹದವನೊಬ್ಬ ದಾರಿ ತಪ್ಪಿ ಕಲ್ಲಿನ ಗಣಿಯೊಂದರಲ್ಲಿ ಇಳಿಯುತ್ತಾನೆ. ಅಲ್ಲಿದ್ದ ಮುದುಕಿಯ ಮುಂದೆ ತನ್ನ ಭಾಷೆಯಲ್ಲಿ ನಾಲ್ಕು ಮಾತಾಡಿ ಹೊರಟುಹೋಗುತ್ತಾನೆ. ಆ ನಾಲ್ಕು ಮಾತು ಆಡಿದವನು ನಾನು.

ಕಿಸೆ ಇಲ್ಲದ ಅಂಗಿ

ನಿರ್ದೇಶಕರು ನಾಸಿಕ್ಕಿನವರೇ. ಒಂದು ಬೆಳಿಗ್ಗೆ ಅಂಗಡಿಗೆ ಬಂದು, ಬೇರೆ ಗ್ರಹದವನಿಗೆ ಉಡುಪು ಹೊಲಿಯಬೇಕು ಎಂದರು. ಹೊಲಿಗೆಯವನು ಗಿರಾಕಿ ಯಾರು ಅಂತ ನೋಡಬಾರದು, ಅಳತೆ ನೋಡಬೇಕು. ನಾನು ಕೇಳುವುದನ್ನು ಕೇಳಿದೆ. ಕೈ ಎಷ್ಟು? ಎರಡೇ ಅಂದರು. ಕಾಲರ್ ಬೇಕಾ? ಬೇಡ. ಕಿಸೆ?

ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು. ಅಷ್ಟು ಮುಂದುವರಿದ ಜನರಿಗೆ ಕಿಸೆಯ ಅಗತ್ಯ ಬೀಳುವುದಿಲ್ಲ ಎಂದು ಕೊನೆಗೆ ತೀರ್ಮಾನ ಕೊಟ್ಟರು. ಹಾಗಾದರೆ ಕರ್ಚೀಫು ಎಲ್ಲಿ ಇಟ್ಟುಕೊಳ್ಳುತ್ತಾರೆ ಅಂದೆ. ಆ ಗ್ರಹದಲ್ಲಿ ನೆಗಡಿ ಇಲ್ಲ ಎಂದರು.

ನಟ ಯಾರೆಂದು ಆಗ ಇನ್ನೂ ಗೊತ್ತಾಗಿರಲಿಲ್ಲ. ಸಾಧಾರಣ ಮನುಷ್ಯನ ಅಳತೆಗೆ ಹೊಲಿ ಅಂದಿದ್ದರು. ನನ್ನ ಕೈಗೆ ಸಿಕ್ಕ ಸಾಧಾರಣ ಮನುಷ್ಯ ನಾನೇ. ಬೆಳ್ಳಿ ಬಣ್ಣದ ರೆಕ್ಸಿನ್ ತಂದು ನನ್ನ ಅಳತೆಗೇ ಕತ್ತರಿಸಿ, ಎರಡು ವಾರ ಸೂಜಿ ಮುರಿದುಕೊಂಡು ಹೊಲಿದೆ. ಮುಂಬೈಯಿಂದ ಬಂದ ನಟ ಆರಡಿಯ ಆಳು. ಜಿಪ್ಪು ಹೊಟ್ಟೆಯ ತನಕ ಬಂದು ನಿಂತುಬಿಟ್ಟಿತು. ನಿರ್ದೇಶಕರು ಅವನನ್ನು ನೋಡಿದರು, ಉಡುಪನ್ನು ನೋಡಿದರು, ಆಮೇಲೆ ನನ್ನ ಕಡೆ ನೋಡಿದರು.

ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮ ಮದ್ವಿ ಕೋಟು ಮಾತ್ರ ನಿಮ್ಮ ಅಳತಿಗಿ ಹೊಲೀಲಾಕ ಬರ್ಲಿಲ್ಲ ನೋಡ್ರಿ," ಅಂದಳು.

ಘೋಟಿಯಲ್ಲಿ ಇಳಿದಿದ್ದು

ಮೊದಲ ದಿನದ ಶೂಟಿಂಗು ಮುಂಬೈ ರಸ್ತೆಯಲ್ಲಿ ಘೋಟಿ ಎಂಬ ಊರು ದಾಟಿದ ಮೇಲಿನ ಒಂದು ಗುಡ್ಡದಲ್ಲಿ. ಕೆಲಸ ಮುಗಿಯಿತು, ಜಿಪ್ಪು ಸಿಕ್ಕಿಹಾಕಿಕೊಂಡಿತು. ನನ್ನ ಹೊಲಿಗೆ ನನಗೇ ಬಿಚ್ಚಲಾಗಲಿಲ್ಲ. ತಲೆಯ ಮೇಲಿನ ಟೋಪಿ ಮಾತ್ರ ಬಂತು. ಅದು ಟೋಪಿಯೇನಲ್ಲ, ಲಗ್ನದ ಅಡಿಗೆಯವರ ಪಾತೇಲಿ ಎಂಬ ಅಲ್ಯುಮಿನಿಯಂ ಪಾತ್ರೆಯನ್ನು ಕೊರೆದು, ಉಸಿರಾಡಲು ಕೂಲರಿನ ಪೈಪು ಸಿಕ್ಕಿಸಿದ್ದು. ಅಂಗಡಿಯ ಕತ್ತರಿ ಸಿಗುವ ತನಕ ತಡೆದುಕೋ ಎಂದು ಹಾಗೇ ಟೆಂಪೊ ಹತ್ತಿಸಿದರು. ಟೆಂಪೊ ಘೋಟಿಯ ಅಕ್ಕಿ ಪೇಟೆಯಲ್ಲಿ ಕೆಟ್ಟು ನಿಂತಿತು.

ಬಾಯಾರಿಕೆ ತಡೆಯದೆ ನಾನು ಇಳಿದು ಒಂದು ಅಕ್ಕಿ ಅಂಗಡಿಯ ಮುಂದೆ ನಿಂತೆ. ಗಲ್ಲಾದ ಮೇಲೆ ಕೂತಿದ್ದ ವಯಸ್ಸಾದ ಸೇಟು ಕಾಲಿಂದ ತಲೆಯವರೆಗೆ ನೋಡಿ, ಎಲ್ಲಿಂದ ಬಂದಿರಿ ಎಂದು ಮರಾಠಿಯಲ್ಲಿ ಕೇಳಿದರು. ನಾಚಿಕೆಯಲ್ಲಿ ನನಗೆ ಊರಿನ ಹೆಸರು ಬಾಯಿಗೆ ಬರಲಿಲ್ಲ. ಬಹಳ ದೂರದಿಂದ ಅಂದೆ. ಮುಂಬೈಯಾ ಅಂದರು. ಅದಕ್ಕಿಂತ ದೂರ ಅಂದೆ. ಅವರು ಕುರ್ಚಿ ಹಾಕಿಸಿ ನೀರು ಕೊಟ್ಟರು, ಚಹಾನೂ ತರಿಸಿದರು. ನಾನು ಎದ್ದು ಹೊರಟಾಗ ಪಕ್ಕದಲ್ಲಿದ್ದ ಮಗನಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು: ಈ ಬಟ್ಟೆ ಸರಿಯಾಗಿ ನೋಡಿಕೋ, ಎರಡು ವರ್ಷದಲ್ಲಿ ನಮ್ಮ ಕಡೆಗೂ ಬರುತ್ತದೆ.

ಗಣಿಯೊಳಗಿನ ಉತ್ತರ

ಮುಖ್ಯ ದೃಶ್ಯ ಈಗಿನ ಸಂಭಾಜಿನಗರದಲ್ಲಿ. ಆಗ ನಾವು ಔರಂಗಾಬಾದ್ ಅನ್ನುತ್ತಿದ್ದೆವು. ಸಿಲ್ಲೋಡಿಗೆ ಹೋಗುವ ರಸ್ತೆಯ ಬದಿಗೆ ಒಂದು ಕಲ್ಲಿನ ಗಣಿ. ಬಿಸಿಲು ಪಾತೇಲಿಯನ್ನು ಕಾಯಿಸುತ್ತಿತ್ತು, ಒಳಗೆ ನನ್ನ ತಲೆ ಬೇಯುತ್ತಿತ್ತು.

ನನಗಾಗಿ ಒಂದು ಚೀಟಿ ಬರೆದಿಟ್ಟಿದ್ದರು. ಕ್ರಾಕ್, ಝಿಂಬ್, ಹುರ್ ಎಂಬಂಥ ಸದ್ದುಗಳು. ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಐದು ಸಲ ತಪ್ಪಿದೆ. ನಿರ್ದೇಶಕರು ಬೈಯಲಿಲ್ಲ. ಹತ್ತಿರ ಬಂದು ಪೈಪಿಗೆ ಬಾಯಿಟ್ಟು, ಚೀಟಿ ಮರೆತುಬಿಡು, ಬಹಳ ದೂರ ಬಂದವನು ತನ್ನ ತಾಯಿಯ ಹತ್ತಿರ ಹೇಗೆ ಮಾತಾಡುತ್ತಾನೋ ಹಾಗೆ ಮಾತಾಡು, ಏನು ಸದ್ದು ಬಂದರೂ ನಡೆಯುತ್ತದೆ ಅಂದರು.

ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಎದುರಿಗೆ ಮುದುಕಿಯ ವೇಷದ ನಟಿ ಸೆರಗು ಹೊದ್ದು ನಿಂತಿದ್ದರು. ಸೆರಗು ಹಿಡಿದ ರೀತಿ ನಮ್ಮವ್ವನದೇ. ಕ್ಯಾಮೆರಾ ಶುರುವಾಯಿತು, ನನ್ನ ಬಾಯಿಂದ ಬಂದದ್ದು ಇಷ್ಟು:

"ಯವ್ವಾ, ನಾ ಛಲೋ ಇದ್ದೀನಿ. ನೀ ಉಂಡಿ? ಮೊಣಕಾಲ ನೋವು ಕಮ್ಮಿ ಆಗ್ಯಾದ?"

ಪಾತೇಲಿಯೊಳಗೆ ಸುತ್ತಿ ಪೈಪಿನಿಂದ ಹೊರಬಂದ ಆ ದನಿ ನನಗೇ ಹೊಸದಾಗಿ ಕೇಳಿಸಿತು. ನಟಿಯ ಕಣ್ಣಲ್ಲಿ ನಿಜವಾಗಿ ನೀರು ಬಂತು. ಅಷ್ಟರಲ್ಲಿ ಗಣಿಯ ಮೇಲಿಂದ ಒಂದು ಹೆಣ್ಣುದನಿ ಬಂತು.

"ನಾ ಉಂಡೀನಪ್ಪ. ನೀ ಉಂಡಿ ಏನು?"

ಕಲ್ಲು ಒಡೆಯುವ ಹೆಂಗಸು. ಕಲಬುರಗಿ ಕಡೆಯ ಮೂರ್ನಾಲ್ಕು ಸಂಸಾರ ಅಲ್ಲಿ ದುಡಿಯುತ್ತಿದ್ದವು, ನನಗೆ ಗೊತ್ತಿರಲಿಲ್ಲ. ನಿರ್ದೇಶಕರು ಕಟ್ ಅಂದರು. ಅವಳು ಏನಂದಳು ಎಂದು ನನ್ನನ್ನೇ ಕೇಳಿದರು. ಗೊತ್ತಿಲ್ಲ ಅಂದೆ. ನೀನು ಆಡಿದ್ದು ಯಾವ ಭಾಷೆ ಅಂದರು. ಕನ್ನಡ ಎಂದರೆ ಇನ್ನೈದು ಸಲ ಬಿಸಿಲಲ್ಲಿ ನಿಲ್ಲಿಸುತ್ತಾರೆ ಅನಿಸಿ, ಬಾಯಿಗೆ ಬಂದದ್ದು ಅಂದೆ. ಅದೇನೂ ಪೂರ್ತಿ ಸುಳ್ಳಲ್ಲ.

ಊಟದ ಹೊತ್ತಿಗೆ ಆ ಹೆಂಗಸು ಮೇಲಿಂದ ಇಳಿದು ಬಂದಳು. ಕೈಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಪಾತೇಲಿ ತೆಗೆಸಿ ನನ್ನ ಮುಖ ನೋಡಿ, ಜೊತೆಯವಳಿಗೆ ಅಂದಳು: "ಚುಕ್ಕಿಯಿಂದ ಬಂದಾನಂತ ಅಂದ್ರು. ಬಂದಿರ್ಲಿ ಬಿಡು, ನಮ್ಮ ಕಡಿಯಾಂವನೇ ಆಗ್ಯಾನ."

ಅವ್ವನ ಕಾರ್ಡು

ಅದು ಪ್ರಸಾರವಾದ ವಾರ ಊರಿಂದ ಒಂದು ಕಾರ್ಡು ಬಂತು. ಅವ್ವ ಹೇಳಿ ಮಾಸ್ತರರಿಂದ ಬರೆಸಿದ್ದು. ನಾನು ಯಾರಿಗೂ ತಿಳಿಸಿರಲಿಲ್ಲ. ಗೌಡರ ಮನೆಯ ಟೀವಿಯ ಮುಂದೆ ಅರ್ಧ ಊರು ಕೂತಿತ್ತಂತೆ. ಬೆಳ್ಳಿ ಬಣ್ಣದ ಭೂತವೊಂದು ಬಾಯಿ ತೆರೆದಾಗ ಮಕ್ಕಳು ಅಂಜಿ ಹಿಂದೆ ಸರಿದವಂತೆ. ಅವ್ವ ಮಾತ್ರ ಎದ್ದು ಟೀವಿಯ ಹತ್ತಿರ ಹೋಗಿ, ನೋವು ಕಮ್ಮಿ ಆಗ್ಯಾದಪ್ಪಾ ಅಂದಳಂತೆ.

ಕಾರ್ಡಿನಲ್ಲಿ ಇದಷ್ಟೂ ಇತ್ತು. ಕೊನೆಗೆ ಜಾಗವಿಲ್ಲದೆ ಅಂಚಿನಲ್ಲಿ ಅಡ್ಡಡ್ಡ ಬರೆಸಿದ್ದಳು: "ಇಷ್ಟು ಕೇಳಾಕ ಅಷ್ಟು ಮಂದಿ ಮುಂದ ಹೋಗೋದು ಏನಿತ್ತು? ಒಂದು ಬಸ್ಸು ಹತ್ತಿದ್ರ ಆಗ್ತಿತ್ತು."

ಆ ವಾರವೇ ಬಸ್ಸು ಹತ್ತಿದೆ. ಅವ್ವ ಬಾಗಿಲಲ್ಲಿ ನನ್ನನ್ನು ನೋಡಿ, ಈ ಅಂಗಿಯಲ್ಲೇ ನೀನು ಚೆಂದ ಕಾಣುತ್ತಿ ಅಂದಳು.

ನಿಘಂಟು

ಇದು ಹೋದ ವರ್ಷದ ಮಾತು. ಅಂಗಡಿಗೆ ಸಂಭಾಜಿನಗರದ ಕಾಲೇಜು ಹುಡುಗಿಯೊಬ್ಬಳು ಬಂದು, ಅಂಗೈ ಎತ್ತಿ ಹಿಡಿದು ಬಹಳ ಗಂಭೀರವಾಗಿ "ಉಂಡಿ?" ಅಂದಳು. ಒಳಗೆ ಗುಂಡಿ ಹಚ್ಚುತ್ತಿದ್ದ ನನ್ನ ಮೊಮ್ಮಗಳು ತಲೆ ಎತ್ತದೆ ಮರಾಠಿಯಲ್ಲಿ, ಹೌದು, ಊಟ ಆಯ್ತು ಅಂದಳು. ಅವಳು ನಾಸಿಕ್ಕಿನಲ್ಲೇ ಹುಟ್ಟಿ ಬೆಳೆದವಳು. ಕನ್ನಡ ತಿಳಿಯುತ್ತದೆ, ಆಡುವುದಿಲ್ಲ.

ಆ ಹಳೆಯ ಕಂತನ್ನು ಪ್ರೀತಿಸುವವರ ಸಂಘವೊಂದು ಅವರ ಊರಲ್ಲಿದೆಯಂತೆ. ಎಲ್ಲ ನನ್ನ ಮೊಮ್ಮಕ್ಕಳ ವಯಸ್ಸಿನವರು. ನನ್ನ ನಾಲ್ಕು ಮಾತಿನಿಂದ ಒಂದು ನಿಘಂಟು ಕಟ್ಟಿದ್ದರು. ಉಂಡಿ ಎಂದರೆ ಶಾಂತಿ. ಮೊಣಕಾಲ ಎಂದರೆ ಆಕಾಶಗಂಗೆ. ಕಮ್ಮಿ ಎಂಬುದು ಮಾತ್ರ ಹಿಂದಿಯಿಂದ ಬಂದಂತೆ ಕಾಣುತ್ತದೆ, ಅದು ಆ ಗ್ರಹಕ್ಕೆ ಹೇಗೆ ಹೋಯಿತು ಎಂಬುದರ ಮೇಲೆ ಅವರಲ್ಲಿ ಎರಡು ಪಕ್ಷವಾಗಿತ್ತು.

ಸಂಘದ ಸಮಾರಂಭಕ್ಕೆ ಕರೆದಳು. ಹೋಗಲಾರೆ ಅಂದೆ. ಹೋದರೆ ನಿಜ ಹೇಳಬೇಕು, ಹೇಳಿದರೆ ಈ ಮಕ್ಕಳ ಮುಖ ಏನಾಗಬೇಕು? ಅದಕ್ಕಿಂತ ಹೆಚ್ಚಾಗಿ ನಿರ್ದೇಶಕರೂ ಬರುವವರಿದ್ದರು. ಎಂಬತ್ತು ದಾಟಿದ ಜೀವ. ಹೊಸ ಭಾಷೆಯೊಂದನ್ನು ಹುಟ್ಟಿಸಿದವರು ಎಂದು ಎಲ್ಲರೂ ಅವರನ್ನು ಹೊಗಳುತ್ತಿದ್ದರು. ಕೊನೆಗೆ ಮೊಮ್ಮಗಳೇ ನನ್ನನ್ನು ಎಳೆದುಕೊಂಡು ಹೋದಳು.

ಸಭೆಯಲ್ಲಿ ಒಬ್ಬ ಹುಡುಗ ಆ ಭಾಷೆಯ ವ್ಯಾಕರಣದ ಮೇಲೆ ಅರ್ಧ ತಾಸು ಮಾತಾಡಿದ. ಪ್ರತಿ ಶಬ್ದವನ್ನೂ ನನಗಿಂತ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದ. ಅಷ್ಟು ಶ್ರದ್ಧೆಯನ್ನು ಕೂತು ನೋಡಲಾಗಲಿಲ್ಲ. ಎದ್ದು ನಿಂತೆ. ಅದು ನನ್ನ ಮನೆಮಾತು, ಕನ್ನಡ ಎಂದು ಹೇಳಿಬಿಟ್ಟೆ. ಅರ್ಥ ಹೇಳಲು ಹೋದಾಗ ಅವ್ವ ನೆನಪಾಗಿ, ಬರುತ್ತಿದ್ದ ಮರಾಠಿಯೂ ಕೈಕೊಟ್ಟಿತು. ಆಗ ಮೊಮ್ಮಗಳು ನನ್ನ ಪಕ್ಕಕ್ಕೆ ಬಂದು ನಿಂತಳು. ಮೊದಲು ಆ ಮಾತುಗಳನ್ನು ಕನ್ನಡದಲ್ಲಿ ಹೇಳಿದಳು, ತಡೆತಡೆದು, ಆದರೆ ಒಂದೂ ತಪ್ಪದೆ. ಆಮೇಲೆ ಮರಾಠಿಯಲ್ಲಿ: ಅಮ್ಮಾ, ನಾನು ಚೆನ್ನಾಗಿದ್ದೇನೆ, ನಿನ್ನ ಊಟವಾಯಿತಾ, ಮೊಣಕಾಲು ನೋವು ಕಡಿಮೆಯಾಗಿದೆಯಾ.

ಕರೆಯಲು ಬಂದಿದ್ದ ಹುಡುಗಿ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡಳು. ನಾನು ನಿರ್ದೇಶಕರ ಹತ್ತಿರ ಹೋಗಿ, ತಪ್ಪಾಯಿತು ಎಂದು ಕೈಮುಗಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ತಮಗೆ ಮರುದಿನವೇ ತಿಳಿದಿತ್ತಂತೆ, ಆ ಕಲ್ಲು ಒಡೆಯುವ ಹೆಂಗಸೇ ಹೇಳಿದ್ದಳಂತೆ. ಮತ್ತೆ ನನಗೆ ಯಾಕೆ ಹೇಳಲಿಲ್ಲ ಅಂದೆ.

ನೀನು ಹೊಸ ಭಾಷೆ ಹುಟ್ಟಿಸಿದೆ ಅಂತ ಅಷ್ಟು ಖುಷಿಯಲ್ಲಿದ್ದಿ, ಯಾಕೆ ನಿನ್ನ ಮನಸ್ಸು ಮುರಿಯಲಿ ಅಂತ ನಾನೇ ಸುಮ್ಮನಿದ್ದೆ ಅಂದರು.

ಬೀದರಿನಿಂದ ಫೋನು

ಸಂಘ ಮುರಿದುಬೀಳುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ಆ ಹುಡುಗಿ ಮರುವಾರ ಫೋನು ಮಾಡಿ, ಬೀದರಿನಲ್ಲಿ ಎಲ್ಲರೂ ಇದನ್ನೇ ಮಾತಾಡುತ್ತಾರಾ ಎಂದು ಕೇಳಿದಳು. ಹೌದಮ್ಮಾ ಅಂದೆ. ಸಣ್ಣ ಮಕ್ಕಳೂ? ಅವೂ. ಇಷ್ಟು ಹತ್ತಿರ ಇತ್ತಾ ಅಂದಳು.

ಮುಂದಿನ ತಿಂಗಳು ಹನ್ನೊಂದು ಜನ ಬೀದರಿಗೆ ಹೊರಟೇಬಿಟ್ಟರು. ಒಂದು ಮಧ್ಯಾಹ್ನ ನಾನು ಗುಂಡಿಗೆ ಕಾಜ ಹಾಕುತ್ತಿರುವಾಗ ಬೀದರ್ ಬಸ್ ಸ್ಟ್ಯಾಂಡಿನಿಂದ ಅವಳ ಫೋನು ಬಂತು. ಖುಷಿಗೆ ಅವಳ ದನಿ ನಡುಗುತ್ತಿತ್ತು. ಇಲ್ಲಿ ಇಬ್ಬರು ಹೆಂಗಸರು ಸೀಟಿನ ಮೇಲೆ ಹಾಕಿದ ಟವೆಲಿಗಾಗಿ ಮಾತಾಡುತ್ತಿದ್ದಾರೆ ಕಾಕಾ, ಪೂರ್ತಿ ಅದೇ ಭಾಷೆ, ಒಂದು ಶಬ್ದವೂ ನಿಲ್ಲುತ್ತಿಲ್ಲ, ನಾವೆಲ್ಲ ಸುತ್ತ ನಿಂತು ರೆಕಾರ್ಡ್ ಮಾಡುತ್ತಿದ್ದೇವೆ, ಈಗ ಇಬ್ಬರೂ ನಮ್ಮ ಕಡೆಗೇ ತಿರುಗಿ ಮಾತಾಡುತ್ತಿದ್ದಾರೆ, ಏನನ್ನುತ್ತಾರೆ ಸ್ವಲ್ಪ ಕೇಳಿ ಎಂದು ಫೋನನ್ನು ಅವರ ಮುಂದೆ ಹಿಡಿದಳು.

ನಾನು ಮಷೀನು ನಿಲ್ಲಿಸಿ ಕೇಳಿದೆ. ಅಪ್ಪಟ ನಮ್ಮೂರ ಬೈಗುಳ. ಹುಟ್ಟಿದ ದಿನದಿಂದ ಹಿಡಿದು ಮೂರು ತಲೆಮಾರಿನವರೆಗೆ ಒಬ್ಬರನ್ನೂ ಬಿಟ್ಟಿರಲಿಲ್ಲ. ಇಷ್ಟು ಸೊಗಸಾದ ಕನ್ನಡ ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ, ನನ್ನ ಕಣ್ಣು ಒದ್ದೆಯಾಯಿತು.

"ಏನಂತಾರೆ ಕಾಕಾ?" ಅವಳು ಆತುರದಿಂದ ಕೇಳಿದಳು.

"ಸ್ವಾಗತ ಮಾಡುತ್ತಿದ್ದಾರಮ್ಮಾ," ಮರಾಠಿಯಲ್ಲಿ ಅಂದೆ. "ಕೈ ಮುಗಿದು ಬೇಗ ಅಲ್ಲಿಂದ ಓಡಿ."